ತಾಮ್ರದ ಶಿವರಾಯಿಯೂ ಖಾಸಗಿ ಟಂಕಸಾಲೆಗಳೂ

ವಿಜಾಪುರದ ಗತವೈಭವವನ್ನು ಕುರಿತು ಮಾತನಾಡುವವರು ಗೋಳಗುಮ್ಮಟವನ್ನೂ ಇಬ್ರಾಹೀಮ ರೋಜಾವನ್ನೂ ನೆನೆಯುವರಲ್ಲದೆ, ತಿಕೋಟಾ, ಬಬಲೇಶ್ವರಗಳಂಥ ಊರುಗಳಲ್ಲಿ ಉಪ್ಪು-ಎಣ್ಣೆಗಳ ವ್ಯವಹಾರವನ್ನು ನಡೆಯಿಸಿದ ತಾಮ್ರದ ದುಡ್ಡನ್ನು ನೆನೆಯುವವರು ವಿರಳ. ಹೊನ್ನು ಬೊಕ್ಕಸದ ನಾಣ್ಯ. ಬಡವನ ದಿನಚರಿ ಸಾಗುವುದು ಚಿಲ್ಲರೆಯಿಂದ.

ಆದಿಲಶಾಹಿ ಅರಸರ ತಾಮ್ರದ ಫಲೂಸುಗಳ ಮೇಲೆ ಅರಬ್ಬೀ ಅಕ್ಷರಗಳಿದ್ದವು. 1686ರಲ್ಲಿ ಆ ಮನೆತನ ಅಳಿದು, 1760ರಲ್ಲಿ ಈ ಪ್ರಾಂತವು ಪೇಶ್ವೆಯರ ವಶವಾದ ತರುವಾಯ, ಶಿವರಾಯಿ ಎಂಬ ನಾಗರೀ ಲಿಪಿಯ ತಾಮ್ರದ ದುಡ್ಡು ಇಲ್ಲಿ ನೆಲೆಯೂರಿತು. ಒಂದು ಮುಖದಲ್ಲಿ ‘ಶ್ರೀ ರಾಜಾ ಶಿವ’, ಇನ್ನೊಂದರಲ್ಲಿ ‘ಛತ್ರಪತಿ’. ಬಡಿದು ಕತ್ತರಿಸಿದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವಿರಿಸಿ ಸುತ್ತಿಗೆಯಿಂದ ಹೊಡೆಯುತ್ತಿದ್ದರಾಗಿ, ಮತ್ತು ಅಚ್ಚಿಗಿಂತ ಬಿಲ್ಲೆಯು ಬಹುಮಟ್ಟಿಗೆ ಚಿಕ್ಕದಾಗಿರುತ್ತಿತ್ತಾಗಿ, ಪೂರ್ಣಾಕ್ಷರಗಳುಳ್ಳ ಶಿವರಾಯಿ ದೊರೆಯುವುದೇ ಅಪರೂಪ.

ಇವನ್ನೆಲ್ಲ ಸರ್ಕಾರವೇ ಟಂಕಿಸಲಿಲ್ಲವೆಂಬುದು ಗಮನಾರ್ಹ. ಪೇಶ್ವೆಯರು ಅಕ್ಕಸಾಲಿಗರಿಗೂ ಸಾಹುಕಾರರಿಗೂ ಸನದು ಕೊಟ್ಟು, ತೂಕವನ್ನು ಗೊತ್ತುಪಡಿಸಿ, ಶುಲ್ಕವನ್ನು ಪಡೆಯುತ್ತಿದ್ದರು. ಕೊಂಕಣದ ನಾಗೋಠಣೆಯ ಬಾಳಾಜಿ ಬಾಪೂಜಿ ಎಂಬುವನಿಗೆ ಮೂರು ವರ್ಷಗಳ ಅವಧಿಗೆ ಇಂಥ ಅನುಮತಿ ದೊರೆತಿತ್ತು. ಶುಲ್ಕವು ಕ್ರಮವಾಗಿ 50, 75, 100 ರೂಪಾಯಿ, ದುಡ್ಡಿನ ತೂಕ 10 ಮಾಷ. ಸನದಿನ ಮಿತಿ ಮೀರಿದಲ್ಲಿ ಅನರ್ಥವೂ ಆಯಿತು: ಧಾರವಾಡ ಸೀಮೆಯಲ್ಲಿ ಜಮೀನುದಾರರು ನಡೆಯಿಸುತ್ತಿದ್ದ 21 ಟಂಕಸಾಲೆಗಳಿಂದ ಕಳಪೆ ನಾಣ್ಯಗಳು ಹೊರಬಿದ್ದುದರಿಂದ, 1765ರಲ್ಲಿ ಅವನ್ನು ಮುಚ್ಚಿಸಿ ಧಾರವಾಡದಲ್ಲಿ ಒಂದೇ ಟಂಕಸಾಲೆಯನ್ನು ನಡೆಯಿಸುವ ಅಧಿಕಾರವನ್ನು ಪೇಶ್ವೆಯರು ಪಾಂಡುರಂಗ ಮುರಾರನಿಗೆ ಕೊಟ್ಟರು.

ಸಮುದ್ರದಾಚೆಯ ಬ್ರಿಟನ್ನಿನಲ್ಲಿಯೂ ಅದೇ ಶತಮಾನದಲ್ಲಿ ಚಿಲ್ಲರೆಯ ಕ್ಷಾಮವೊದಗಿ, ಕೂಲಿ ಕೊಡುವುದಕ್ಕೂ ದುಡ್ಡಿಲ್ಲದಂತಾದಾಗ, ಆಂಗ್ಲಸೀ ದ್ವೀಪದ ಪ್ಯಾರಿಸ್ (Parys) ಎಂಬ ತಾಮ್ರಗಣಿಯ ಕಂಪನಿಯು 1787ರಿಂದ ತನ್ನದೇ ಬಿಲ್ಲೆಗಳನ್ನು ಹೊರಡಿಸಿತು. ಅನೇಕ ವರ್ತಕರು ಅದನ್ನು ಅನುಸರಿಸಿದರು. ಆ ಬಿಲ್ಲೆಯ ಅಂಚಿನ ಮೇಲೆ, ಅದನ್ನು ಎಲ್ಲಿ ಕೊಟ್ಟು ಹಣ ಪಡೆಯಬಹುದೆಂಬ ವಾಗ್ದಾನವಿರುತ್ತಿತ್ತು. ನಮ್ಮ ಶಿವರಾಯಿಗೆ ಅಂಥ ವಾಗ್ದಾನವಿರಲಿಲ್ಲ. ಅದರ ತಾಮ್ರವೇ ಅದರ ಜಾಮೀನು, ಅದನ್ನು ತೂಗಿ ಒಪ್ಪಿಕೊಳ್ಳುವ ಸರಾಫನೇ ಅದರ ಪರೀಕ್ಷಕ.

ದೊಡ್ಡ ನಾಣ್ಯದ ಮಾನವನ್ನು ಕಾಯುವುದಕ್ಕೆ ಅರಸನಿದ್ದನು. ಚಿಕ್ಕ ನಾಣ್ಯದ ಮಾನವನ್ನು ಕಾದವರು ಅದನ್ನು ಕೊಟ್ಟು ಕೊಂಡ ಸಾಮಾನ್ಯ ಜನ. ಆದುದರಿಂದ ಈ ಸೀಮೆಯ ಯಾವ ಮನೆಯಲ್ಲಾದರೂ ಹಿರಿಯರಿಂದ ಬಂದ, ಅಕ್ಷರ ಮಾಸಿದ ತಾಮ್ರದ ದುಡ್ಡು ದೇವರ ಜಗುಲಿಯ ಮೇಲೆ ಉಳಿದಿದ್ದರೆ, ಅದನ್ನು ಹುಣಸೆಹಣ್ಣಿನಿಂದ ಉಜ್ಜಿ ಸವೆಸದೆ, ಗುಜರಿಯ ತಕ್ಕಡಿಗೂ ಹಾಕದೆ, ಬಲ್ಲವರಿಗೆ ತೋರಿಸಿ ಓದಿಸಬೇಕು. ಅರಸರ ಶಾಸನಗಳು ಹೇಳದೆ ಬಿಟ್ಟ ಸಂತೆಯ ಚರಿತ್ರೆಗೆ ಅದೇ ಆಧಾರ.