ಸಿದ್ದಾಪುರದ ಬೆಟ್ಟಗಳಲ್ಲಿ ಮೂರು ದಿನ

ಬೆಟ್ಟಗಾಡಿನಲ್ಲಿ ಹಲವು ದಿನ ಕಾಲ್ನಡೆಯಾಗಿ ಸಂಚರಿಸಬಯಸುವವರು ಮಲೆನಾಡನ್ನೇ ನೆನೆಯುವರು. ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರವು ಅವರ ಲಕ್ಷ್ಯಕ್ಕೆ ಬಾರದು. ಆದರೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಈ ಮೂರೆಡೆಗಳಲ್ಲಿಯೂ ಅಶೋಕನ ಶಾಸನಗಳುಂಟು, 1892ರಲ್ಲಿ ಬಿ. ಎಲ್. ರೈಸರು ಇವನ್ನು ಬೆಳಕಿಗೆ ತಂದರು. ಮೋಟಾರಿನಲ್ಲಿ ಬಂದವರು ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸಿಬಿಡುವರು. ಅದು ನೋಡಿದಂತಾಗದು. ದಿನಕ್ಕೊಂದರಂತೆ ನಡೆದು ನೋಡಬೇಕು.

ಮೊದಲು ಬ್ರಹ್ಮಗಿರಿ. ಸುವರ್ಣಗಿರಿಯಲ್ಲಿದ್ದ ರಾಜಪುತ್ರನು ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಅಲ್ಲಿಯ ಬಂಡೆಯ ಮೇಲಿದೆ. ತಾಯಿತಂದೆಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕೆಂದು ಅದರ ಬೋಧೆ. ಅದರಲ್ಲಿ 256 ಎಂಬ ಸಂಖ್ಯೆಯೂ ಇದೆ. ಅರಸನು ಮನೆಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕವಿದೆಂದು ಅನೇಕ ವಿದ್ವಾಂಸರ ಮತ. ಮೂರು ದಿನದ ನಡಿಗೆಗೇ ಕಾಲುನೋವೆನ್ನುವ ನಾವು ಅಲ್ಲಿ ಸ್ವಲ್ಪ ನಾಚಬೇಕಾಗುವುದು! ಬೆಟ್ಟದ ಬುಡದಲ್ಲಿ ವೀಲರ್ ಸಾಹೇಬರು 1947ರಲ್ಲಿ ಅಗೆಯಿಸಿ ಪುರಾತನ ವಸತಿಯ ಕುರುಹುಗಳನ್ನು ಕಂಡರು.

ಮರುದಿನ ಸಿದ್ದಾಪುರದ ಬಂಡೆ, ದಾರಿ ಸುಲಭ. ಮೂರನೆಯ ದಿನದ ಜಟಿಂಗರಾಮೇಶ್ವರವೇ ಕಷ್ಟದ ಏರು. ಬಿಸಿಲೇರಿದೊಡನೆ ಕಲ್ಲು ಕಾದ ಹೆಂಚಾಗುವುದರಿಂದ ನಸುಕಿನಲ್ಲೇ ಹೊರಡಬೇಕು. ಕುಡಿಯುವ ನೀರನ್ನು ಹೊತ್ತೇ ಹೋಗಬೇಕು. ಇದು ಕರಡಿಗಳ ಸೀಮೆ. ಸಂಜೆಗೆ ಮುನ್ನ ಇಳಿದು ಊರು ಸೇರುವುದು ಕ್ಷೇಮ. ಮೇಲಿನ ಶಾಸನದ ಬಂಡೆಗೆ ಬಳೆಗಾರರ ಗುಂಡೆಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಸರಕು ಹರಡುತ್ತಿದ್ದರಂತೆ. ಅಕ್ಷರಗಳು ಬಹಳ ಸವೆದಿವೆ. ಜೊತೆಯ ಮಕ್ಕಳು ಅದನ್ನೇರದಂತೆ, ಬೆರಳಿನಿಂದ ಉಜ್ಜದಂತೆ ಹಿರಿಯರು ನೋಡಿಕೊಳ್ಳಬೇಕು.