ನಿಮಗಿದು ಗೊತ್ತೆ? ಸತ್ತ ಮೇಲೆ ಜೋಡಿಯಾದ ದನಿಗಳು!
ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ ಮತ್ತು ಗಾಯಕಿ ಪ್ಯಾಟ್ಸಿ ಕ್ಲೈನ್ ಬದುಕಿದ್ದಾಗ ಒಟ್ಟಿಗೆ ಒಂದು ಯುಗಳಗೀತೆಯನ್ನೂ ಧ್ವನಿಮುದ್ರಿಸಲಿಲ್ಲ. ಅವರ ಯುಗಳಗೀತೆ ಬಂದದ್ದು 1981ರಲ್ಲಿ! ಕ್ಲೈನ್ 1963ರಲ್ಲಿ, ರೀವ್ಸ್ 1964ರಲ್ಲಿ, ಬೇರೆ ಬೇರೆ ವಿಮಾನ ಅಪಘಾತಗಳಲ್ಲಿ ತೀರಿಕೊಂಡಿದ್ದರು. ಇಬ್ಬರೂ ಬಿಡಿಬಿಡಿಯಾಗಿ ಹಾಡಿದ್ದ ಹಾಡಿನ ಹಳೆಯ ಟೇಪುಗಳಿಂದ ದನಿಯನ್ನಷ್ಟೇ ಬಿಡಿಸಿ, ಹೊಸ ವಾದ್ಯಗಳೊಂದಿಗೆ ಬೆಸೆಯಲಾಯಿತು. ಇದು ಬರೀ ವ್ಯಾಪಾರ ಎನ್ನುವವರುಂಟು. ಆದರೆ 1966ರಲ್ಲಿ ಬ್ರಿಟನ್‌ನಲ್ಲಿ 5 ವಾರ ಮೊದಲ ಸ್ಥಾನದಲ್ಲಿದ್ದ ರೀವ್ಸ್ ಅವರ ‘ಡಿಸ್ಟೆಂಟ್ ಡ್ರಮ್ಸ್’ ಕೂಡ ಮಾದರಿಗೆಂದು ಹಾಡಿಟ್ಟಿದ್ದ ಟೇಪು. ಆರ್ಕೆಸ್ಟ್ರಾ ಸೇರಿದ್ದು ಅವರು ಸತ್ತ ಮೇಲೆ. ಕಪಾಟಿನಲ್ಲೇ ಬಿಟ್ಟಿದ್ದರೆ ಆ ಹಾಡು ಯಾರಿಗೂ ದಕ್ಕುತ್ತಿರಲಿಲ್ಲ. ಹಾಗಾಗಿ ಅಭಿಮಾನಿಗಳು ಇಂಥ ಆಲ್ಬಮ್‌ಗಳಿಗೆ ಕಾಯುವುದು ತಪ್ಪಲ್ಲ. ಗಾಯಕರದು ಎಷ್ಟು, ಆಮೇಲೆ ಸೇರಿಸಿದ್ದೆಷ್ಟು ಎಂಬುದನ್ನು ರೆಕಾರ್ಡ್ ಕಂಪನಿ ಆಲ್ಬಮ್‌ನ ಹೊದಿಕೆಯ ಮೇಲೆ ಅಚ್ಚು ಹಾಕಿದರೆ ಸಾಕು.