ಕಕ್ಷೆಯೇರುವ ಹವ್ಯಾಸಿ ಉಪಗ್ರಹಗಳು

ಮಕ್ತಲ್ ಸೀಮೆಯ ದಂಡೆಯಿಂದ ಕೃಷ್ಣೆಯ ನಡುಗಡ್ಡೆಯಾದ ಕುರುವಪುರಕ್ಕೆ ಹರಿಗೋಲಿನಲ್ಲಿ ದಾಟುವುದು ಬಹುಕಾಲದ ರೂಢಿ. ಅಂಬಿಗನು ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾನೆ. ಹರಿಗೋಲು ಮುಂದಕ್ಕೆ ಸಾಗುತ್ತದೆ. ಹುಟ್ಟು ನಿಂತರೆ ಹೊಳೆಯ ಸೆಳೆತ ಅದನ್ನು ಕೆಳಕ್ಕೆ ಒಯ್ಯುತ್ತದೆ. ಭೂಮಿಯನ್ನು ಸುತ್ತುವ ಚಿಕ್ಕ ಉಪಗ್ರಹದ ಪಾಡೂ ಹೆಚ್ಚುಕಡಿಮೆ ಇದೇ. ಆದರೆ ಅಲ್ಲಿ ಹಿಂದಕ್ಕೆ ತಳ್ಳಲು ನೀರಿಲ್ಲ. ತಳ್ಳಬೇಕಾದ ದ್ರವ್ಯವನ್ನು ಉಪಗ್ರಹವೇ ಹೊತ್ತೊಯ್ಯಬೇಕು. ಆ ದ್ರವ್ಯವೇ ನೋದಕ.

ಭಾರತದ ಹವ್ಯಾಸಿ ರೇಡಿಯೊ ಬಳಗಕ್ಕಾಗಿ ಇಸ್ರೊ ನಿರ್ಮಿಸಿದ 'ಹ್ಯಾಮ್‌ಸ್ಯಾಟ್' 2005ರ ಮೇ 5ರಂದು ಶ್ರೀಹರಿಕೋಟಾದಿಂದ ಕಾರ್ಟೊಸ್ಯಾಟ್-1ರ ಜೊತೆಗಾರನಾಗಿ ಮೇಲೇರಿತು. ಅದರ ತೂಕ 42.5 ಕೆ.ಜಿ.; ಎತ್ತರ ಸುಮಾರು 620 ಕಿ.ಮೀ. ಆ ಎತ್ತರದಿಂದ ಸುತ್ತಲೂ ಸುಮಾರು 2,700 ಕಿ.ಮೀ. ದೂರದ ನೆಲ ಕಾಣುತ್ತದೆ. ಅಂಥ ಉಪಗ್ರಹ ಗದ್ವಾಲದ ನೆತ್ತಿಯ ಮೇಲೆ ಹಾದುಹೋಗುವ ಹತ್ತು ಹನ್ನೆರಡು ನಿಮಿಷಗಳಲ್ಲಿ ನಾರಾಯಣಪೇಟೆಯಿಂದ ಹೊರಟ ದನಿ ಕಾಶ್ಮೀರವನ್ನೂ ಶ್ರೀಲಂಕೆಯನ್ನೂ ಮುಟ್ಟಬಲ್ಲದು. ಬ್ಯಾಟರಿ ಕೆಟ್ಟು 2014ರ ಜುಲೈಯಲ್ಲಿ ಹ್ಯಾಮ್‌ಸ್ಯಾಟ್ ಮೌನವಾಯಿತು.

ಹವ್ಯಾಸಿ ಉಪಗ್ರಹಗಳು ಸಾಮಾನ್ಯವಾಗಿ ಪರರ ರಾಕೆಟ್ಟಿನ ಅತಿಥಿಗಳು, ಇಳಿಸಿದಲ್ಲಿ ಇಳಿಯಬೇಕು. 600 ಕಿ.ಮೀ. ಎತ್ತರದಲ್ಲಿ ಬಿಟ್ಟರೆ ದಶಕಗಳ ಆಯುಷ್ಯ, 400 ಕಿ.ಮೀ. ಆಸುಪಾಸಿನಲ್ಲಿ ಬಿಟ್ಟರೆ ತೆಳುವಾದ ಗಾಳಿಯ ತಡೆಯಿಂದ ಒಂದೆರಡು ವರ್ಷಗಳಲ್ಲೇ ಉರಿದುಹೋಗುವ ಗತಿ. ವರ್ಷಗಟ್ಟಲೆ ಶ್ರಮದ ಫಲವನ್ನು ಉಳಿಸಿಕೊಳ್ಳಲು ಪುಟ್ಟ ಎಂಜಿನ್ ಬೇಕಾಗುವುದು ಇಲ್ಲಿಯೇ.

ಕಕ್ಷೆಯೇರಿಕೆಯಲ್ಲೊಂದು ವಿರೋಧಾಭಾಸವಿದೆ. ಮೇಲೇರಲು ಉಪಗ್ರಹ ವೇಗವನ್ನು ಹೆಚ್ಚಿಸಿಕೊಳ್ಳಬೇಕು; ಏರಿದ ಮೇಲೆ ಮಾತ್ರ ಅದು ಮೊದಲಿಗಿಂತ ನಿಧಾನವಾಗಿ ಸುತ್ತುತ್ತದೆ. ಕೂಡಿಸಿದ ವೇಗವೆಲ್ಲ ಎತ್ತರವಾಗಿ ಮಾರ್ಪಡುವುದೇ ಇದಕ್ಕೆ ಕಾರಣ. 500ರಿಂದ 600 ಕಿ.ಮೀ.ಗೆ ಏರಲು ಬೇಕಾದ ಒಟ್ಟು ವೇಗವೃದ್ಧಿ ಸೆಕೆಂಡಿಗೆ ಸುಮಾರು 55 ಮೀಟರ್. 10 ಕೆ.ಜಿ. ಉಪಗ್ರಹಕ್ಕೆ ಇದನ್ನು ಒದಗಿಸಲು ಒತ್ತಿಟ್ಟ ಸಾರಜನಕ ಅನಿಲವಾದರೆ ಸುಮಾರು 750 ಗ್ರಾಂ ಬೇಕು. ರಾಸಾಯನಿಕ ನೋದಕವಾದರೆ 250 ಗ್ರಾಂ. ಅಯಾನುಗಳನ್ನು ವಿದ್ಯುತ್ತಿನಿಂದ ಚಿಮ್ಮಿಸುವ ಹಾಲ್ ಥ್ರಸ್ಟರ್ ಆದರೆ 40 ಗ್ರಾಂ ಆಸುಪಾಸು. ಆದರೆ ಕೊನೆಯದಕ್ಕೆ ವಿದ್ಯುತ್ತು ಹೆಚ್ಚು ಬೇಕು. ನೂಕುಬಲ ಅತ್ಯಲ್ಪವಾದುದರಿಂದ ಏರಿಕೆಯೂ ನಿಧಾನ.

ಎಂಜಿನ್ ಇದ್ದರೆ ಅಪಾಯವೂ ಇದೆ. 1983ರ ಆಸ್ಕರ್-10ರ ಎಂಜಿನ್ ಒಮ್ಮೆ ಉರಿದು, ಎರಡನೆಯ ಸಲ ಉರಿಯದೆ, ಉಪಗ್ರಹ ಉದ್ದೇಶಿಸದ ಕಕ್ಷೆಯಲ್ಲೇ ಉಳಿಯಿತು. 1988ರ ಆಸ್ಕರ್-13 ಗುರಿ ಮುಟ್ಟಿತಾದರೂ ಸೂರ್ಯ ಚಂದ್ರರ ಸೆಳೆತದಿಂದ ಅದರ ಕಕ್ಷೆ ಕದಲಿ, 1996ರಲ್ಲಿ ವಾತಾವರಣಕ್ಕೆ ಬಿದ್ದು ಉರಿಯಿತು. 2000ದ ನವೆಂಬರಿನಲ್ಲಿ ಹಾರಿದ ಆಸ್ಕರ್-40 ಮರುತಿಂಗಳೇ ನೋದನ ವ್ಯವಸ್ಥೆಯ ಅವಘಡದಿಂದ ತೀವ್ರವಾಗಿ ಗಾಯಗೊಂಡಿತು.

ಇಂದು ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಏರೋಸ್ಪೇಸ್ ಸಂಸ್ಥೆ ಇಂಥ ಕಿರು ಎಂಜಿನ್‌ಗಳನ್ನು ರೂಪಿಸುತ್ತಿದೆ. ಅದರ 'ರುದ್ರ' ಮತ್ತು 'ಅರ್ಕ' 2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58ರಲ್ಲಿ ಹಾರಿದವು. 'ರುದ್ರ'ದ್ದು ರಾಸಾಯನಿಕ ಮಾರ್ಗ, 'ಅರ್ಕ'ದ್ದು ವಿದ್ಯುತ್ ಮಾರ್ಗ. ಹವ್ಯಾಸಿಗಳು ಈ ಬಗೆಯ ಎಂಜಿನ್ನುಗಳನ್ನು ಬಳಸುವಾಗ ಕೊನೆಯ ಕೆಲವು ಗ್ರಾಂ ನೋದಕವನ್ನು ಇಳಿಯುವುದಕ್ಕೂ ಮೀಸಲಿಡಬೇಕಾಗುತ್ತದೆ. ಕೆಲಸ ಮುಗಿದ ಉಪಗ್ರಹ ಆಕಾಶದ ಹಾದಿಯಲ್ಲಿ ಕಸವಾಗಿ ಉಳಿಯಬಾರದು. ದಡ ಸೇರಿದ ಹರಿಗೋಲನ್ನು ಅಂಬಿಗನು ಹೊಳೆಯ ಪಾಲಿಗೆ ಬಿಟ್ಟುಹೋಗುವುದಿಲ್ಲ.